ಬೆಳಗಿನ ಮೊದಲ ಹತ್ತು ಹೆಜ್ಜೆ

ದನದ ರಾಂಚಿನಲ್ಲಿ, ಅಂದರೆ ದನ ಸಾಕುವ ದೊಡ್ಡ ಫಾರ್ಮಿನಲ್ಲಿ, ಹಿಂಡು ಅಟ್ಟುವ ಹತ್ತು ವರ್ಷ ದಾಟಿದ ನಾಯಿಯನ್ನು ಆ ದಿನ ಕೆಲಸಕ್ಕೆ ಕರೆದೊಯ್ಯಬಹುದೋ ಬೇಡವೋ ಅನ್ನುವುದು, ಅದು ಮಲಗಿದಲ್ಲಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ದನ ಕಣ್ಣಿಗೆ ಬಿದ್ದ ಮೇಲೆ ನೋಡಿ ಪ್ರಯೋಜನವಿಲ್ಲ. ಆಗ ಕುಂಟು ನಾಯಿಯೂ ನೋವು ಮರೆತು ಓಡುತ್ತದೆ.

ಹಾಗಾಗಿ ಗೂಡಿನ ಬಾಗಿಲು ತೆಗೆದು, ಕರೆಯದೆ, ಸುಮ್ಮನೆ ನಿಂತು ನೋಡಬೇಕು. ಮುಂಗಾಲು ನೋಯುತ್ತಿದ್ದರೆ ಆ ಕಾಲೂರಿದಾಗ ತಲೆ ಮೇಲೇಳುತ್ತದೆ, ಚೆನ್ನಾಗಿರುವ ಕಾಲೂರಿದಾಗ ತಗ್ಗುತ್ತದೆ. ಹಿಂಗಾಲಿಗೆ ಕಣ್ಣಿಗಿಂತ ಕಿವಿ ವಾಸಿ: ಸಿಮೆಂಟು ನೆಲದ ಮೇಲೆ ಉಗುರು ಎಳೆದ ಸರ್ ಸರ್ ಸದ್ದು ಕೇಳುತ್ತದೆ. ಪಾದ ಎತ್ತಿ ನೋಡಿದರೆ ನಡುವಿನ ಎರಡು ಉಗುರುಗಳ ಮೇಲ್ಭಾಗ ಸವೆದು ಚಪ್ಪಟೆಯಾಗಿರುತ್ತದೆ. ಇದು ಬರೀ ಕೀಲುನೋವಲ್ಲದೆ ಬೆನ್ನುಹುರಿಯ ತೊಂದರೆಯೂ ಆಗಿರಬಹುದು, ಪಶುವೈದ್ಯರಿಗೆ ತೋರಿಸಲೇಬೇಕು. ಬರೀ ಕೀಲಿನ ಬಿಗಿತವಾದರೆ ಹತ್ತು ನಿಮಿಷ ಹಗ್ಗ ಹಿಡಿದು ನಡೆಸಿದಾಗ ಸಡಿಲವಾಗುತ್ತದೆ. ಆಮೇಲೂ ಕುಂಟಿದರೆ ಅವತ್ತು ರಜೆ.

ಗಾಡಿಯಿಂದ ಜಿಗಿಯಲು ಬಿಡಬೇಡಿ. ನಿಂತಾಗಲೇ ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲಿನ ಮೇಲಿರುತ್ತದೆ, ಜಿಗಿದಾಗ ಇಡೀ ಮೈ ಅಲ್ಲೇ ಬೀಳುತ್ತದೆ. ಒಂದು ಕೈ ಎದೆಯಡಿ, ಇನ್ನೊಂದು ತೊಡೆಯ ಹಿಂದೆ ಕೊಟ್ಟು ಇಳಿಸಿದರೆ ಆಯಿತು.

ದೊಡ್ಡಿಯೊಳಗಿನ ಕೆಲಸದಲ್ಲೇ ನಿಜವಾದ ಅಪಾಯ. ಹೀಲರ್ ನಾಯಿ, ಅಂದರೆ ಹಿಮ್ಮಡಿ ಕಚ್ಚಿ ದನ ಅಟ್ಟುವ ತಳಿಯದು, ಹಸುವಿನ ಗೊರಸಿನ ಮೇಲಕ್ಕೆ, ಭಾರ ಊರಿದ ಕಾಲಿಗೇ ಬಾಯಿ ಹಾಕುತ್ತದೆ. ಆ ಕಾಲನ್ನು ಹಸು ತಕ್ಷಣ ಎತ್ತಲಾರದು. ಕಚ್ಚಿದ ಕೂಡಲೇ ನಾಯಿ ನೆಲಕ್ಕೆ ಅಂಟಿಕೊಳ್ಳುತ್ತದೆ, ಒದೆ ತಲೆಯ ಮೇಲಿಂದ ಹೋಗುತ್ತದೆ. ಮುಪ್ಪಿನಲ್ಲಿ ಕಚ್ಚುವ ಚುರುಕು ಉಳಿಯುತ್ತದೆ, ತಗ್ಗುವ ಚುರುಕು ಹೋಗುತ್ತದೆ. ಆ ಅರೆಕ್ಷಣದ ತಡಕ್ಕೆ ದವಡೆ ಮುರಿಯುತ್ತದೆ, ಇಲ್ಲವೇ ಕೋರೆಹಲ್ಲು. ಇಕ್ಕಟ್ಟಿನ ಓಣಿಯಲ್ಲಿ ದನ ಹಾಯಿಸುವುದು, ಎಳೆಗರುವಿನ ತಾಯಂದಿರನ್ನು ಅಟ್ಟುವುದು, ಈ ಎರಡನ್ನೂ ಮೊದಲು ಕೈಬಿಡಿಸಿ. ಆದರೆ ಎಲ್ಲ ಕೆಲಸವನ್ನೂ ಒಮ್ಮೆಲೇ ನಿಲ್ಲಿಸುವುದು ತಪ್ಪು. ತಿಂಗಳೊಪ್ಪತ್ತಿನಲ್ಲಿ ತೊಡೆಯ ಮಾಂಸ ಕರಗುತ್ತದೆ, ಕೀಲಿಗೆ ಆಸರೆ ತಪ್ಪುತ್ತದೆ. ಸಾಧು ಹಸುಗಳ ಚಿಕ್ಕ ಹಿಂಡನ್ನು ನಿಧಾನಕ್ಕೆ ನಡೆಸುವ ಕೆಲಸ ಧಾರಾಳವಾಗಿ ಕೊಡಬಹುದು.

ಮಾತು ಕೇಳುತ್ತಿಲ್ಲವೆಂದು ಗದರುವ ಮೊದಲು ಕಿವಿ ಪರೀಕ್ಷಿಸಿ. ಬೆನ್ನ ಹಿಂದೆ, ನೆಲ ಅದುರದ ಹಾಗೆ ನಿಂತು ಶಿಳ್ಳೆ ಹಾಕಿ. ಕಿವಿ ಹೊರಳದಿದ್ದರೆ ಅದು ಮೊಂಡುತನವಲ್ಲ, ಕಿವುಡು. ಕೈಸನ್ನೆಯನ್ನು ಏಳೆಂಟು ವರ್ಷಕ್ಕೇ, ಕಿವಿ ಚೆನ್ನಾಗಿರುವಾಗಲೇ ಕಲಿಸಿಡಬೇಕು. ಟ್ರ್ಯಾಕ್ಟರ್ ಶುರು ಮಾಡುವ ಮುನ್ನ ಬಗ್ಗಿ ಅಡಿಯಲ್ಲಿ ನೋಡಿ, ನೆರಳಿಗೆ ಮಲಗಿದ ಕಿವುಡು ನಾಯಿಗೆ ಇಂಜಿನ್ ಸದ್ದು ಕೇಳುವುದಿಲ್ಲ. ಕಣ್ಣಿನ ತಿಳಿನೀಲಿ ಮಬ್ಬಿಗೆ ಹೆದರಬೇಕಿಲ್ಲ, ಅದು ವಯಸ್ಸಿನ ಗುಣ. ಮೊಸರಿನ ಹಾಗೆ ಬೆಳ್ಳಗಾದರೆ ಪೊರೆ.

ಔಷಧಿಯ ವಿಚಾರದಲ್ಲಿ ಮನುಷ್ಯರ ಅವಸರವೇ ಹೆಚ್ಚು ಕೆಡುಕು ಮಾಡುತ್ತದೆ. ನೋವಿನ ಮಾತ್ರೆ ಕೊಟ್ಟು ಪೂರಾ ದಿನ ದುಡಿಸಿದರೆ, ನೋವು ಅಡಗಿದ ಕೀಲು ಇನ್ನಷ್ಟು ಸವೆಯುತ್ತದೆ. ಬಿಸಿಲಲ್ಲಿ ಓಡಿ ಮೈನೀರು ಬತ್ತಿದ ನಾಯಿಗೆ ಅದೇ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು. ವಾಂತಿಯಾದರೆ, ಮಲ ಕಪ್ಪಾದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕೇಳಿ. ನಾವು ನುಂಗುವ ಐಬುಪ್ರೊಫೆನ್, ಪ್ಯಾರಸಿಟಮಾಲ್ ಬೇಡವೇ ಬೇಡ. ದನಕ್ಕೆ ಹಾಕುವ ಐವರ್ಮೆಕ್ಟಿನ್ ಜಂತು ಔಷಧಿಯ ಹನಿಯನ್ನೂ ನೆಕ್ಕದಂತೆ ನೋಡಿಕೊಳ್ಳಿ. ಕೋಲಿ ವಂಶದ ಹಲವು ನಾಯಿಗಳಲ್ಲಿ ಅದು ಮೆದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟಿರುತ್ತದೆ.

ಸಂಜೆ ಬೆನ್ನಿಂದ ಬೆರಳಿನವರೆಗೂ ಕೈಯಾಡಿಸಿ. ಮೆಲ್ಲಗೆ ಸವರಿದಾಗ ಪಕ್ಕೆಲುಬು ಕೈಗೆ ಸಿಗಬೇಕು. ಸಿಗದಿದ್ದರೆ ಊಟ ಕಡಿಮೆ ಮಾಡಿ, ಮುದಿ ಕೀಲಿಗೆ ಒಂದು ಕಿಲೋ ಕೂಡ ಹೊರೆಯೇ. ಹಾಸಿಗೆ ನೆಲದಿಂದ ಮೇಲಿರಲಿ, ಒತ್ತಿದರೆ ಮೊಣಕೈ ತಳ ಮುಟ್ಟದಷ್ಟು ದಪ್ಪವಿರಲಿ.

ಎಳೆಯ ನಾಯಿ ಕೆಲಸಕ್ಕೆ ಹೊರಟಾಗ ಹಳೆಯದನ್ನು ಕೂಡಿಹಾಕಿದರೆ ಅದು ಬೇಲಿಯುದ್ದಕ್ಕೂ ತಿರುಗಿ ತಿರುಗಿ ಅಂಗಾಲು ಸವೆಸಿಕೊಳ್ಳುತ್ತದೆ. ದಿನದ ಕೊನೆಯ ಗೇಟಿಗೆ ಅದನ್ನೇ ಕರೆಯಿರಿ. ಐದು ನಿಮಿಷದ ಕೆಲಸ, ಓಟವಿಲ್ಲ. ಗೇಟಿನ ಬಾಯಲ್ಲಿ ತಲೆ ತಗ್ಗಿಸಿ, ಕಣ್ಣು ನೆಟ್ಟು ನಿಂತರೆ ಸಾಕು, ಹಳೇ ಹಸುಗಳು ಅದರ ಗುರುತು ಹಿಡಿದು ತಾವೇ ಹಿಂದೆ ಸರಿಯುತ್ತವೆ.