ಬ್ರೇಕ್ ಒತ್ತಿದರೆ ಇಂಡಿಕೇಟರ್ ಏಕೆ ಉರಿಯುತ್ತದೆ?

ನಮ್ಮ ಪಿಕಪ್‌ಗೆ ಇಪ್ಪತ್ತು ವರ್ಷ ದಾಟಿದೆ. ತೀರ್ಥಹಳ್ಳಿಯ ಮಳೆ, ತೋಟದ ಕೆಸರು, ಒದ್ದೆ ಗೋಣಿಚೀಲ ಎಲ್ಲವನ್ನೂ ಅದು ಕಂಡಿದೆ. ಕಂಪ್ಯೂಟರ್ ಇಲ್ಲದ ಹಳೆಯ ಡೀಸೆಲ್ ಗಾಡಿಯಾದ್ದರಿಂದ ಅದರ ವೈರಿಂಗನ್ನು ಒಂದೊಂದೇ ತಂತಿ ಹಿಡಿದು ಅರ್ಥಮಾಡಿಕೊಳ್ಳಬಹುದು. ಅದರ ಮೇಲಿನ ನನ್ನ ಅಕ್ಕರೆಗೆ ಇದೂ ಒಂದು ಕಾರಣ.

ಈ ಮಳೆಗಾಲದಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಎಡಬದಿಯ ಬ್ರೇಕ್ ದೀಪ ಮಂಕಾಗಿ ಉರಿಯತೊಡಗಿತು. ಜೊತೆಗೆ ಅದೇ ಬದಿಯ ಇಂಡಿಕೇಟರ್ ಕೂಡ! ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಮಿನುಗುತ್ತಿತ್ತು. ಗ್ಯಾರೇಜಿನಲ್ಲಿ ಕೇಳಿದರೆ, "ಪೂರ್ತಿ ವೈರಿಂಗ್ ಬದಲಾಯಿಸಿಬಿಡಿ ಗೌಡರೇ" ಎಂದರು. ಅಷ್ಟು ದೂರ ಹೋಗುವ ಅಗತ್ಯವೇ ಇರಲಿಲ್ಲ.

ಹಿಂದಿನ ದೀಪದ ಪೆಟ್ಟಿಗೆಯಲ್ಲಿ ಬ್ರೇಕ್, ಟೇಲ್, ಇಂಡಿಕೇಟರ್ ಮೂರಕ್ಕೂ ಸೇರಿ ಅರ್ತ್ ತಂತಿ ಒಂದೇ; ಕರೆಂಟು ಗಾಡಿಯ ಲೋಹದ ಚೌಕಟ್ಟಾದ ಚಾಸಿಸ್ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿ ಅದು. ಅದು ಚಾಸಿಸ್ಸಿಗೆ ಸರಿಯಾಗಿ ತಾಗದಿದ್ದರೆ, ಬ್ರೇಕ್ ಬಲ್ಬಿನಿಂದ ಹೊರಬಂದ ಕರೆಂಟು ಕಾಲುವೆ ಕಟ್ಟಿಕೊಂಡಾಗ ಪಕ್ಕದ ಗದ್ದೆಗೆ ನುಗ್ಗುವ ನೀರಿನಂತೆ ಇಂಡಿಕೇಟರ್ ಬಲ್ಬಿನೊಳಗೆ ಹಿಂದುಮುಂದಾಗಿ ಹರಿಯುತ್ತದೆ. ಅಲ್ಲಿಂದ ಮುಂಭಾಗದ ಇಂಡಿಕೇಟರ್ ಬಲ್ಬಿನ ಮೂಲಕ ಚಾಸಿಸ್ ಸೇರುತ್ತದೆ. ಹನ್ನೆರಡು ವೋಲ್ಟ್ ಬಲ್ಬುಗಳ ನಡುವೆ ಹಂಚಿಹೋಗುವುದರಿಂದ ಯಾವುದೂ ಪೂರ್ತಿ ಉರಿಯುವುದಿಲ್ಲ. ಇಂತಹ ಬಲ್ಬಿಗೆ ಒಂದು ವೋಲ್ಟ್ ಕಡಿಮೆಯಾದರೂ ಬೆಳಕು ಸುಮಾರು ಕಾಲು ಭಾಗ ಕುಗ್ಗುತ್ತದೆ.

ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು ತಂತಿ ಪರೀಕ್ಷಿಸುವುದನ್ನು ನಾನು ನಂಬುವುದಿಲ್ಲ. ತಂತಿಯೊಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ; ಆ ಎಳೆ ಬಲ್ಬಿಗೆ ಬೇಕಾದ ಕರೆಂಟನ್ನು ಹೊರಲಾರದು. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಉದ್ದ ತಂತಿಯಿಂದ ಸೇರಿಸಿ, ಕೆಂಪು ಕಡ್ಡಿಯನ್ನು ಬಲ್ಬಿನ ಹೋಲ್ಡರಿನ ಲೋಹಕ್ಕೆ ಮುಟ್ಟಿಸಿದೆ. ಮಗ ಬ್ರೇಕ್ ಒತ್ತಿ ಹಿಡಿದ. 0.2 ವೋಲ್ಟಿನೊಳಗೆ ಇದ್ದರೆ ಅರ್ತ್ ಚೆನ್ನಾಗಿದೆ ಎಂದರ್ಥ. ನನಗೆ ಸಿಕ್ಕಿದ್ದು ಹಲವು ವೋಲ್ಟ್.

ಆಮೇಲೆ ಕೆಂಪು ಕಡ್ಡಿಯನ್ನು ಹಂತಹಂತವಾಗಿ ಸರಿಸುತ್ತ ಹೋದೆ: ಹೋಲ್ಡರು, ತಂತಿ, ಅದರ ತುದಿಗೆ ಬೋಲ್ಟು ತೂರಿಸಲು ಇರುವ ಲೋಹದ ಬಳೆ, ಬೋಲ್ಟು. ಬಳೆಯವರೆಗೂ ಅಷ್ಟೇ ವೋಲ್ಟ್. ಪಕ್ಕದಲ್ಲೇ ಕೆರೆದ ಚಾಸಿಸ್ ಮೇಲೆ ಇಟ್ಟರೆ ಸೊನ್ನೆಯ ಆಸುಪಾಸು. ಇಡೀ ದೋಷ ಆ ಒಂದು ಬೋಲ್ಟಿನಡಿ ಕುಳಿತಿತ್ತು. ಬಿಚ್ಚಿದರೆ ಬಳೆಗೆ ಹಸಿರು ಕಿಲುಬು, ಚಾಸಿಸ್ಸಿಗೆ ತುಕ್ಕು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ.

ಅದೇ ಉತ್ಸಾಹದಲ್ಲಿ ಎಂಜಿನ್ ಮತ್ತು ಚಾಸಿಸ್ ನಡುವಿನ ದಪ್ಪ ಅರ್ತ್ ಪಟ್ಟಿಯನ್ನೂ ನೋಡಿದೆ. ಅದು ಕೆಟ್ಟರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ ಹಿಡಿದು ಹಿಂದಿರುಗಬಹುದು. ಕೇಬಲ್ ಸುಟ್ಟೇ ಹೋಗುತ್ತದೆ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದಯವಿಟ್ಟು ಹತ್ತು ಆಂಪಿಯರಿನ ಜಾಗಕ್ಕೆ ಮೂವತ್ತರದ್ದು ಹಾಕಬೇಡಿ. ಆಗ ಸುಡುವುದು ತಂತಿ. ಫ್ಯೂಸ್ ತೆಗೆದು ಅದರ ಎರಡು ಬಾಯಿಗೆ 21 ವ್ಯಾಟ್ ಬಲ್ಬೊಂದನ್ನು ಸೇರಿಸಿ. ಶಾರ್ಟ್, ಅಂದರೆ ತಂತಿ ಎಲ್ಲೋ ನೇರವಾಗಿ ಚಾಸಿಸ್ಸಿಗೆ ತಾಗಿರುವ ದೋಷ, ಇರುವವರೆಗೂ ಅದು ಪ್ರಖರವಾಗಿ ಉರಿಯುತ್ತದೆ. ಒಂದೊಂದೇ ಕನೆಕ್ಟರ್ ಬಿಚ್ಚುತ್ತ ಹೋಗಿ. ಯಾವುದನ್ನು ಬಿಚ್ಚಿದಾಗ ಬಲ್ಬು ಆರಿತೋ ದೋಷ ಆ ಕವಲಿನಲ್ಲಿದೆ. ನಮ್ಮ ಕಡೆ ಅಲ್ಲಿ ಇಲಿ ಕಡಿದ ಗುರುತು ಸಿಗುವುದೇ ಹೆಚ್ಚು.

ಮುಂದಿನ ಕೆಲಸ ಹೆಡ್‌ಲೈಟಿನದು. 55 ವ್ಯಾಟಿನ ಎರಡು ದೀಪಗಳ ಒಂಬತ್ತು ಆಂಪಿಯರ್ ಇಷ್ಟು ವರ್ಷವೂ ಸವೆದ ಸ್ವಿಚ್ಚಿನ ಮೂಲಕವೇ ಹರಿದಿದೆ. ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು, ತಂದಿಟ್ಟಿದ್ದೇನೆ. ಅದರ ಪಿನ್ನುಗಳ ಸಂಖ್ಯೆಯಂತೆ ಜೋಡಣೆ ಹೀಗೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬರುವ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಹಳೆಯ ಸ್ವಿಚ್ಚಿನ ತಂತಿ, 85ಕ್ಕೆ ಅರ್ತ್. ಮಳೆ ಬಿಡುವು ಕೊಟ್ಟ ಕೂಡಲೇ ಶುರು ಮಾಡುತ್ತೇನೆ.