ಗೆಟ್: ಮುಂದಿನ ಪದ ನೋಡಿ, ಆಮೇಲೆ ಅರ್ಥ ಹೇಳಿ

ಇಂಗ್ಲಿಷಿನ ‘ಗೆಟ್’ ಎಂದರೆ ‘ಪಡೆ’ ಎಂದು ಕಲಿತು ಅಲ್ಲಿಗೇ ನಿಂತರೆ ಸಾಲದು. ಅದರ ಅರ್ಥವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮುಂದೆ ಬರುವ ಪದ. ನಾಮಪದ ಬಂದರೆ ಸಿಗುವುದು ಅಥವಾ ತರುವುದು: ‘ಐ ಗಾಟ್ ಎ ಲೆಟರ್’, ‘ಗೆಟ್ ಮಿ ಎ ಚೇರ್’. ಗುಣವಾಚಕ ಬಂದರೆ ಆಗುವುದು: ‘ಇಟ್ಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ಸ್ಥಳ ಬಂದರೆ ತಲುಪುವುದು. ‘ಗೆಟ್ ಟು ದ ಸ್ಟೇಷನ್’ ಸರಿ. ಹೋಮ್, ಹಿಯರ್, ದೇರ್‌ನಂಥ ಪದಗಳಿದ್ದಾಗ ಮಾತ್ರ ‘ಟು’ ಬೇಡ.

ಕನ್ನಡಿಗರು ಮೊದಲು ಕೈವಶ ಮಾಡಿಕೊಳ್ಳಬೇಕಾದದ್ದು ನಮ್ಮ ‘ಇಸು’ ಪ್ರತ್ಯಯದ ಕೆಲಸ ಮಾಡುವ ಗೆಟ್. ಫೋನ್ ರಿಪೇರಿ ಮಾಡಿಸಿದೆ ಎನ್ನಲು ‘ಐ ರಿಪೇರ್ಡ್ ಮೈ ಫೋನ್’ ಎಂದರೆ ನೀವೇ ಬಿಚ್ಚಿ ಸರಿಮಾಡಿದಿರಿ ಎಂದಾಗುತ್ತದೆ. ‘ಐ ಗಾಟ್ ಮೈ ಫೋನ್ ರಿಪೇರ್ಡ್’ ಎನ್ನಬೇಕು. ಮೊದಲು ಗೆಟ್, ನಂತರ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ಕ್ರಮ ತಪ್ಪಿದರೆ ವಾಕ್ಯವೇ ಕೆಡುತ್ತದೆ. ಮಾಡಿದವರನ್ನೂ ಹೇಳಬೇಕೆ? ಆಗ ‘ಟು’ ಸೇರುತ್ತದೆ: ‘ಐ ಗಾಟ್ ಹಿಮ್ ಟು ರಿಪೇರ್ ಇಟ್’. ಇದರಲ್ಲಿ ಹೇಳಿ ಒಪ್ಪಿಸಿದ ಭಾವವಿದೆ. ‘ಐ ಮೇಡ್ ಹಿಮ್ ರಿಪೇರ್ ಇಟ್’ ಎಂದರೆ ‘ಟು’ ಹೋಗಿ ಬಲವಂತದ ಛಾಯೆ ಬರುತ್ತದೆ. ಈ ವ್ಯತ್ಯಾಸ ಚಿಕ್ಕದಲ್ಲ, ಕೇಳುವವರಿಗೆ ಕೂಡಲೇ ತಟ್ಟುತ್ತದೆ.

ವಾಹನ ಹತ್ತುವಾಗ ಬಸ್ಸು, ರೈಲು, ಸೈಕಲ್ಲಿಗೆ ‘ಗೆಟ್ ಆನ್’, ಕಾರಿಗೆ ‘ಗೆಟ್ ಇನ್’. ಇಳಿಯುವಾಗ ಕ್ರಮವಾಗಿ ‘ಗೆಟ್ ಆಫ್’, ‘ಗೆಟ್ ಔಟ್ ಆಫ್’.

ಮೂರನೇ ರೂಪ ಬ್ರಿಟನ್ನಿನಲ್ಲಿ ‘ಗಾಟ್’. ಅಮೆರಿಕದಲ್ಲಿ ಸಾಮಾನ್ಯವಾಗಿ ‘ಗಾಟನ್’. ಆದರೆ ‘ನನ್ನ ಬಳಿ ಇದೆ’ ಎನ್ನುವಾಗ ಅಮೆರಿಕದಲ್ಲೂ ‘ಐ ಹ್ಯಾವ್ ಗಾಟ್’ ಎಂದೇ ಹೇಳುತ್ತಾರೆ.