ಈ ಬಿಸುವಿಗೆ ನಮ್ಮ ಹಿತ್ತಲಿನದೇ ಕಣಿ

ಬಿಸು ಅಂದರೆ ನಮ್ಮ ತುಳುನಾಡಿನ ಹೊಸವರ್ಷ; ಕಣಿ ಅಂದರೆ ಆ ಬೆಳಗ್ಗೆ ಮೊದಲು ನೋಡಲೆಂದು ದೇವರೆದುರು ಜೋಡಿಸಿಡುವ ಫಲವಸ್ತು. ಈ ಸಲದ ಬಿಸು ಕಣಿಗೆ ಪೇಟೆಯಿಂದ ತಂದದ್ದು ವೀಳ್ಯದೆಲೆ ಮಾತ್ರ. ಸೌತೆಕಾಯಿ, ಅಲಸಂಡೆ, ಹರಿವೆ, ಬಸಳೆ ದಂಟು, ತೆಂಗಿನಕಾಯಿ, ಗೇರುಹಣ್ಣು ಎಲ್ಲ ಮನೆಯವೇ. ದೊಡ್ಡ ತೋಟವೇನಲ್ಲ, ಬಾವಿಕಟ್ಟೆಯಿಂದ ಕಂಪೌಂಡಿನವರೆಗಿನ ಒಂದು ತುಂಡು ನೆಲ, ಅದಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ. ಕೃಷ್ಣನ ದಯೆ, ಎಪ್ರಿಲ್ ಬಂದರೂ ಬಾವಿ ಬತ್ತಲಿಲ್ಲ.

ನಮ್ಮ ಅಜ್ಜಿಗೆ ಬಿಸು ಅಂದರೆ ಸೌತೆಕಾಯಿ. ಗದ್ದೆಯ ಸಾಲಿನಲ್ಲಿ ಚಂದದ್ದೊಂದನ್ನು ಮೊದಲೇ ನೋಡಿಟ್ಟು ಅದರ ಮೇಲೆ ಎಲೆ ಮುಚ್ಚುತ್ತಿದ್ದರು. ಅದನ್ನು ಕೊಯ್ಯುವ ಅಧಿಕಾರ ಅಜ್ಜನಿಗೂ ಇರಲಿಲ್ಲ. ಉಳಿದವಕ್ಕೆ ಬಾಳೆನಾರು ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಅಡುಗೆಮನೆಯ ಜಂತಿಗೆ ತೂಗುಹಾಕುವುದು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತರಕಾರಿ ಇಲ್ಲದಾಗ ಒಂದೊಂದೇ ಕೆಳಗಿಳಿಯುತ್ತಿತ್ತು. ಬಿಸುವಿನ ಬೆಳಗ್ಗೆ ನಮ್ಮ ಕಣ್ಣು ಮುಚ್ಚಿ ಕಣಿಯೆದುರು ಕೂರಿಸಿ, ನೋಡುವ ಮೊದಲೇ ನಮ್ಮ ಕೈ ಹಿಡಿದು ಆ ಸೌತೆಕಾಯಿಯ ಮೇಲೆ ಇಡುತ್ತಿದ್ದರು. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಅವರದೇ ಕ್ರಮ. ದೇವರು ಹೇಗಿದ್ದಾನೆ ಎಂದು ಯಾರಾದರೂ ಕೇಳಿದರೆ ಇಂದಿಗೂ ಮೊದಲು ನೆನಪಾಗುವುದು ನನ್ನ ಅಂಗೈಗೆ: ತಣ್ಣಗೆ, ನುಣ್ಣಗೆ, ಸ್ವಲ್ಪ ಭಾರ. ಆಮೇಲೆ ಕಣ್ಣು ತೆರೆದರೆ ದೀಪ, ಕನ್ನಡಿ, ಚಿನ್ನ.

“ಕ್ರಯಕ್ಕೆ ತಂದದ್ದನ್ನೇ ದೇವರಿಗೆ ಇಟ್ಟರೆ ಹೇಗೆ ಮಗಾ? ಒಂದಾದರೂ ನಾವು ನೀರು ಹಾಕಿದ್ದು ಬೇಡವಾ?” ಎನ್ನುತ್ತಿದ್ದರು.

ಈಗಿನ ಕಣಿಯಲ್ಲಿ ಸ್ಟಿಕ್ಕರ್ ಅಂಟಿದ ಸೇಬು, ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದ ತರಕಾರಿ. ನಮಸ್ಕಾರಕ್ಕಿಂತ ಮೊದಲು ಫೋಟೋ. ಗದ್ದೆಗೆ ಇಳಿದು ನಾಲ್ಕು ಸಾಲು ಉತ್ತು ಕೈಬಿತ್ತು, ಅಂದರೆ ವರ್ಷದ ಮೊದಲ ಹಿಡಿ ಬೀಜ, ಹಾಕುವ ಮನೆಗಳು ಎಷ್ಟು ಉಳಿದಿವೆ? ಬೈಯುವುದಕ್ಕೆ ಹೇಳುತ್ತಿಲ್ಲ, ಸಂಕಟಕ್ಕೆ ಹೇಳುತ್ತಿದ್ದೇನೆ.

ಮಧ್ಯಾಹ್ನದೊಳಗೆ ಉಡುಪಿಯ ಕೃಷ್ಣಮಠಕ್ಕೆ ಹೋದೆವು. ನವಗ್ರಹ ಕಿಂಡಿಯಲ್ಲಿ ಕಂಡ ಬಾಲಕೃಷ್ಣನ ಕೈಯಲ್ಲಿ ಅದೇ ಕಡೆಗೋಲು. ಅಣ್ಣ ಬಲರಾಮ ಮಲ್ಪೆಯ ವಡಭಾಂಡೇಶ್ವರದಲ್ಲಿ ಕಡಲಿಗೆ ಹತ್ತಿರವಿದ್ದಾನೆ, ಹಲಧರ. ಅಣ್ಣನದು ನೇಗಿಲು, ತಮ್ಮನದು ಕಡೆಗೋಲು. ಉಂಡು ಬಾಳುವವರ ಮನೆಯ ಸಾಮಾನನ್ನೇ ಹಿಡಿದವರು. ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳ ನಡುವೆ ಕೃಷ್ಣಪೂಜೆಯ ಸರದಿ ಬದಲಾಗುವ ಪರ್ಯಾಯದ ಸಿದ್ಧತೆಯನ್ನೇ ನೋಡಿ. ಅಕ್ಕಿ, ಕಟ್ಟಿಗೆ, ಭತ್ತ ಮುಹೂರ್ತಗಳೆಲ್ಲ ಆಮೇಲೆ. ಒಂದು ವರ್ಷಕ್ಕೂ ಮೊದಲೇ ಆಗುವುದು ಬಾಳೆ ಮುಹೂರ್ತ. ಬಾಳೆಗಿಡ, ತುಳಸಿ ನೆಟ್ಟ ಮೇಲೆಯೇ ಉಳಿದ ಮಾತು. ಅಷ್ಟು ಜನರಿಗೆ ಊಟ ಹಾಕುವ ಸಂಕಲ್ಪ ಮಣ್ಣಿನಲ್ಲಿ ಕೈಯಿಟ್ಟು ಶುರುವಾಗುತ್ತದೆ.

ಸೋದೆ ಮಠದ ವಾದಿರಾಜ ಗುರುಗಳು ಕುದುರೆಮೊಗದ ಹಯಗ್ರೀವ ಸ್ವಾಮಿಗೆ ಉಣಿಸುತ್ತಿದ್ದ ಕಡಲೆ-ಬೆಲ್ಲದ ಮಡ್ಡಿಯ ಕಥೆ ನಿಮಗೆಲ್ಲ ಗೊತ್ತು. ವಿಷವಿಕ್ಕಿದವರಿದ್ದರು, ಅದನ್ನೂ ಉಂಡ ಸ್ವಾಮಿಯಿದ್ದ. ಕೊನೆಗೆ ಕೃಷ್ಣನ ಮೈಯ ನೀಲಿ ಇಳಿಸಿದ್ದು ಮಟ್ಟುಗುಳ್ಳದ, ಅಂದರೆ ಉಡುಪಿ ಬಳಿಯ ಮಟ್ಟು ಊರಿನ ಬದನೆಯ, ನೈವೇದ್ಯ. ಗುರುಗಳು ಮಟ್ಟುವಿನವರಿಗೆ ಕೊಟ್ಟ ಅನುಗ್ರಹ ಒಂದು ಹಿಡಿ ಬದನೆ ಬೀಜ. ಆ ಗುಳ್ಳಕ್ಕೆ ಜಿಐ (ಆ ಊರಿನದೇ ಬೆಳೆ ಎಂಬ ಭೌಗೋಳಿಕ ಸೂಚಕ) ಮಾನ್ಯತೆ ಬಂದದ್ದು 2011ರಲ್ಲಿ. ಕೃಷ್ಣನ ಒಪ್ಪಿಗೆ ಅದಕ್ಕೂ ಎಷ್ಟೋ ಮೊದಲೇ ಸಿಕ್ಕಿತ್ತೆನ್ನಿ. ಮಟ್ಟುವಿನ ರೈತರು ಇಂದಿಗೂ ಪರ್ಯಾಯಕ್ಕೆ ಗುಳ್ಳದ ಹೊರೆಕಾಣಿಕೆ ತರುತ್ತಾರೆ. ಬಟ್ಟಲಗಲದ ಹಸಿರು ಕಾಯಿ, ತೊಟ್ಟಿನಲ್ಲಿ ಮುಳ್ಳು. ಅದನ್ನು ಬೆಳೆದ ಮನೆಯ ಹೆಂಗಸರು ಬುಟ್ಟಿ ಇಳಿಸುವಾಗಿನ ಮುಖ ನೋಡಬೇಕು.

ಹಾಗಾಗಿ ನನಗೆ ನಿರಾಶೆ ಇಲ್ಲ. 2021ರಲ್ಲಿ ಉಡುಪಿಯ ಸುತ್ತಮುತ್ತ ವರ್ಷಗಟ್ಟಲೆ ಹಡಿಲು (ಪಾಳು) ಬಿದ್ದಿದ್ದ ಗದ್ದೆಗಳಲ್ಲಿ ಜನ ಒಟ್ಟಾಗಿ ನೇಜಿ (ಭತ್ತದ ಸಸಿ) ನೆಟ್ಟದ್ದನ್ನು ನಾವೇ ಕಂಡಿದ್ದೇವೆ. ನಮ್ಮ ಓಣಿಯಲ್ಲೂ ಈ ವರ್ಷ ಟೆರೇಸಿನ ಮಲ್ಲಿಗೆ ಚಟ್ಟಿಗಳ ನಡುವೆ ಬೆಂಡೆ ಎದ್ದಿದೆ. ಬಸಳೆಯಂತೂ ದಂಟು ಚುಚ್ಚಿದರೆ ಸಾಕು, ಚಪ್ಪರ ಹತ್ತುತ್ತದೆ. ಎದುರುಮನೆಯ ಅಕ್ಕ ಮೊನ್ನೆ ಬಂದು, “ದೇವರ ಕಣಿಗಿಟ್ಟ ದಂಟನ್ನೇ ಕೊಡಿ, ನೆಡುತ್ತೇನೆ” ಎಂದು ಕೇಳಿ ತೆಗೆದುಕೊಂಡು ಹೋದರು. ಪ್ರಸಾದ ಅಂದರೆ ಹೀಗೂ ಇರಬಹುದು ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ.

ಮಳೆಗಾಲದ ಹೊಸ್ತಿಲಿನ ದಿನವಾದ ಪತ್ತನಾಜೆಗೆ ಇನ್ನೂ ದಿನಗಳಿವೆ. ಹೀರೆ, ಬೆಂಡೆ, ಮುಳ್ಳುಸೌತೆ ಬೀಜ ಈಗಲೇ ಹೊಂದಿಸಿಡಿ. ಮಳೆ ಹಿಡಿದ ಮೇಲೆ ಕೇಳಿದರೆ ಯಾರ ಮನೆಯಲ್ಲೂ ಉಳಿದಿರುವುದಿಲ್ಲ.